ಕೊನೆಗೆ ಸಾಯದೆ ಬದುಕುವ ಹೆಣ್ಣುಮಕ್ಕಳ ಸಿನಿಮಾ ಯಾವುದಿದೆ?

ನೀನು ಕೇಳಿದ್ದು ಇಷ್ಟು. ಹೆಣ್ಣು ಹೆಣ್ಣನ್ನೇ ಪ್ರೀತಿಸುವ ಒಳ್ಳೆ ಸಿನಿಮಾ ಹೇಳಿ, ನಾನು ನೋಡಿದ್ದರಲ್ಲೆಲ್ಲ ಕೊನೆಗೆ ಯಾರೋ ಸಾಯುತ್ತಾರೆ, ನಮ್ಮ ಕಡೆ ಹಾಗೆ ಬದುಕೋಕೆ ಆಗುತ್ತಾ? ಗಂಗಾವತಿ ಕಡೆಯವಳು, ವಯಸ್ಸು 22 ಅಂತ ಬರೆದಿದ್ದೀಯ. ನನಗೆ 41. ಹಾಗಾಗಿ ತಂಗಿ ಅಂತಲೇ ಕರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡ.

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ಆಗುತ್ತೆ, ತಂಗಿ. ನಾನಿರುವುದು ಬಳ್ಳಾರಿಯಲ್ಲಿ. ಜೀನ್ಸ್ ಹೊಲಿಯುವ ಕೆಲಸ, ಪೀಸ್ ಲೆಕ್ಕ. ನಾನು ಪ್ರೀತಿಸುವವಳು ಒಂದು ಶಾಲೆಯಲ್ಲಿ ಟೀಚರ್. 11 ವರ್ಷದಿಂದ ಒಟ್ಟಿಗೆ ಇದ್ದೇವೆ. ಓಣಿಯವರು ಅಕ್ಕ-ತಂಗಿ ಅಂದುಕೊಂಡಿದ್ದಾರೆ. ಕೆಲವರಿಗೆ ಗೊತ್ತಿರಬಹುದು, ಕೇಳಿಲ್ಲ. ಸುಲಭವಾಗಿತ್ತು ಅಂತ ಹೇಳಲ್ಲ. ಮೂರು ಸಲ ಮನೆ ಬದಲಿಸಿದ್ದೇವೆ. ಆದರೂ ಬೆಳಗ್ಗೆ ಎದ್ದು ಇಬ್ಬರೂ ಚಹಾ ಕುಡಿದು ಕೆಲಸಕ್ಕೆ ಹೋಗುತ್ತೇವೆ. ನಿನ್ನ ವಯಸ್ಸಿನಲ್ಲಿ ನನಗೆ ಈ ಒಂದು ಮಾತನ್ನು ಯಾರಾದರೂ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಬರುತ್ತಿತ್ತು.

ಈಗ ಸಿನಿಮಾ. ನೀನು ನೋಡಿದ್ದು ಪದ್ಮರಾಜನ್ ಅವರ ಮಲಯಾಳಂ ಸಿನಿಮಾ 'ದೇಶಾಡನಕ್ಕಿಳಿ ಕರಯಾರಿಲ್ಲ' ಇರಬೇಕು ಅಂತ ಊಹಿಸುತ್ತೇನೆ. 1986ರದ್ದು. ಸ್ಯಾಲಿ, ನಿಮ್ಮಿ ಅಂತ ಇಬ್ಬರು ಶಾಲಾ ಹುಡುಗಿಯರು. ಪ್ರವಾಸಕ್ಕೆ ಹೋದಾಗ ಓಡಿಹೋಗುತ್ತಾರೆ. ಅವರ ನಡುವೆ ಇರುವುದು ಏನು ಅಂತ ಸಿನಿಮಾ ಬಾಯಿಬಿಟ್ಟು ಹೇಳಲ್ಲ, ಆದರೆ ನಮ್ಮಂಥವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತೆ. ಕೊನೆಗೆ ಇಬ್ಬರೂ ಸತ್ತು ಮಲಗಿರುತ್ತಾರೆ. ತುಂಬಾ ಚೆನ್ನಾಗಿ ಮಾಡಿರುವ ಸಿನಿಮಾ ಅದು, ಅದಕ್ಕೇ ಜಾಸ್ತಿ ನೋವಾಗುತ್ತೆ. ಒಬ್ಬಳೇ ಇದ್ದಾಗ, ಮನಸ್ಸು ಸರಿ ಇಲ್ಲದಾಗ ಅದನ್ನು ನೋಡಬೇಡ. ಇದು ಅಕ್ಕನಾಗಿ ಹೇಳುವ ಮಾತು.

ಅದರ ಬದಲು 'ಸಂಚಾರಂ' ನೋಡು. ಅದೂ ಮಲಯಾಳಂ, 2004ರದ್ದು, ಮಾಡಿದವರು ಲಿಜಿ ಪುಲ್ಲಪ್ಪಳ್ಳಿ. ಕಿರಣ್, ಡಿಲೈಲಾ ಅಂತ ಇಬ್ಬರು ಹಳ್ಳಿ ಹುಡುಗಿಯರು, ಚಿಕ್ಕಂದಿನಿಂದ ಜೊತೆಗೆ ಬೆಳೆದವರು. ಒಬ್ಬ ಹುಡುಗ ಡಿಲೈಲಾಗೆ ಕೊಡೋಕೆ ಪ್ರೇಮಪತ್ರ ಬರೆದುಕೊಡು ಅಂತ ಕಿರಣ್ ಹತ್ತಿರ ಬರುತ್ತಾನೆ. ಇವಳು ತನ್ನ ಮನಸ್ಸಿನಲ್ಲಿದ್ದದ್ದನ್ನೇ ಅವನ ಹೆಸರಲ್ಲಿ ಬರೆಯುತ್ತಾಳೆ. ಆ ಕಡೆ ಡಿಲೈಲಾಳ ಮದುವೆ ಗೊತ್ತಾಗುತ್ತೆ. ಕಿರಣ್ ಜಲಪಾತದ ಅಂಚಿಗೆ ಹೋಗಿ ನಿಲ್ಲುತ್ತಾಳೆ. ಆದರೆ ಹಾರಲ್ಲ, ವಾಪಸ್ ಬರುತ್ತಾಳೆ. ನಾನು ಆ ಜಾಗದಲ್ಲಿ ಸಿನಿಮಾ ನಿಲ್ಲಿಸಿ ಅತ್ತುಬಿಟ್ಟೆ.

'ಫೈರ್' ಬಗ್ಗೆ ಎಲ್ಲರೂ ಹೇಳುತ್ತಾರೆ. ನಾನೂ ಹೇಳಲೇಬೇಕು, ಯಾಕಂದರೆ ಅದರ ಜೊತೆ ನನಗೆ ಒಂದು ಜಗಳವಿದೆ. ದೀಪಾ ಮೆಹ್ತಾ 1996ರಲ್ಲಿ ಮಾಡಿದ್ದು, ನಮ್ಮ ದೇಶದಲ್ಲಿ ಬಿಡುಗಡೆ ಆಗಿದ್ದು 1998ರ ನವೆಂಬರ್‌ನಲ್ಲಿ. ಶಬಾನಾ ಆಜ್ಮಿ, ನಂದಿತಾ ದಾಸ್. ದೆಹಲಿಯ ಒಂದು ಮನೆ. ಇಬ್ಬರು ಓರಗಿತ್ತಿಯರು, ರಾಧಾ ಮತ್ತು ಸೀತಾ. ಹಿಂದಿಗೆ ತಂದಾಗ ಸೀತಾ ಅನ್ನುವ ಹೆಸರನ್ನು ನೀತಾ ಅಂತ ಬದಲಿಸಬೇಕಾಯಿತು. ಎರಡು ಮೂರು ವಾರ ಸುಮ್ನೆ ಓಡುತ್ತಿದ್ದ ಸಿನಿಮಾ. ಡಿಸೆಂಬರ್ 2ರಂದು ಮುಂಬೈಯಲ್ಲಿ ಶಿವಸೇನೆಯವರು ಥಿಯೇಟರಿಗೆ ನುಗ್ಗಿ ಗಾಜು ಒಡೆದರು, ಆಮೇಲೆ ದೆಹಲಿಯಲ್ಲೂ ಅದೇ ಆಯಿತು. ಸಿನಿಮಾವನ್ನು ಮತ್ತೆ ಸೆನ್ಸಾರ್ ಮಂಡಳಿಗೆ ಕಳಿಸಿದರು. 1999ರ ಫೆಬ್ರವರಿಯಲ್ಲಿ ಒಂದು ದೃಶ್ಯವನ್ನೂ ಕತ್ತರಿಸದೆ ಮತ್ತೆ ಬಿಟ್ಟರು. ಆಗ ನನಗೆ 14 ವರ್ಷ. ಪೇಪರಿನಲ್ಲಿ ಒಡೆದ ಗಾಜಿನ ಸುದ್ದಿ ಓದಿದೆ. ಹೆಂಗಸರ ಬಗ್ಗೆ ಅಂಥದ್ದೇನು ತೋರಿಸಿದ್ದಾರೆ ಅಂತ ಅಪ್ಪನನ್ನು ಕೇಳಿದೆ. ಅಪ್ಪ ಪೇಪರ್ ಮಡಚಿಟ್ಟರು.

ನೋಡಿದ್ದು ಎಷ್ಟೋ ವರ್ಷದ ಮೇಲೆ. ರಾಧಾಳ ಗಂಡ ಒಬ್ಬ ಸ್ವಾಮಿಯ ಮಾತು ಕೇಳಿ ಬ್ರಹ್ಮಚರ್ಯ ಹಿಡಿದಿದ್ದಾನೆ. ಸೀತಾಳ ಗಂಡನಿಗೆ ಬೇರೆ ಹುಡುಗಿ ಇದ್ದಾಳೆ. ನನ್ನ ಜಗಳ ಇಲ್ಲಿದೆ. ಸಿನಿಮಾ ನೋಡಿ ಎದ್ದವರು ಏನಂತಾರೆ? ಪಾಪ, ಗಂಡಂದಿರು ಸರಿ ಇದ್ದಿದ್ದರೆ ಹೀಗೆ ಆಗುತ್ತಿರಲಿಲ್ಲ ಅಂತಾರೆ. ನನಗೂ ನೆಂಟರು ಹಾಗೇ ಅಂದರು, ಒಳ್ಳೆ ಗಂಡು ಸಿಕ್ಕರೆ ಎಲ್ಲ ಸರಿಹೋಗುತ್ತೆ ಅಂತ. ನನಗೆ ಯಾವ ಗಂಡಸೂ ಮೋಸ ಮಾಡಿಲ್ಲ. ನಾನು ಅವಳನ್ನು ಪ್ರೀತಿಸಿದ್ದು ಅವಳು ಅವಳಾಗಿದ್ದಕ್ಕೆ.

ಇಷ್ಟೆಲ್ಲ ಅಂದರೂ ಆ ಸಿನಿಮಾವನ್ನು ನಾಲ್ಕು ಸಲ ನೋಡಿದ್ದೇನೆ. ಒಂದು, ಅದರ ಅಡಿಗೆಮನೆಗಾಗಿ. ಆ ಮನೆಯವರದ್ದು ಊಟ ಮಾರುವ ಅಂಗಡಿ. ಹೆಂಗಸರಿಬ್ಬರೂ ಇಡೀ ದಿನ ಒಲೆಯ ಮುಂದೆ. ಮಾತು ಬಾರದ ಅತ್ತೆ ಗಂಟೆ ಬಾರಿಸಿದರೆ ಓಡಬೇಕು. ಆ ಸುಸ್ತಿನ ಮಧ್ಯೆ ಒಬ್ಬರ ತಲೆಗೆ ಇನ್ನೊಬ್ಬರು ಎಣ್ಣೆ ಹಚ್ಚುತ್ತಾರೆ. ನಮ್ಮಲ್ಲಿ ಪ್ರೀತಿ ಹುಟ್ಟುವ ಜಾಗ ಅದೇ ಅಲ್ವಾ? ಇನ್ನೊಂದು, ಕೊನೆ. ರಾಧಾಳ ಸೀರೆಗೆ ಬೆಂಕಿ ಹತ್ತುತ್ತೆ. ಗಂಡ ತಾಯಿಯನ್ನು ಎತ್ತಿಕೊಂಡು ಹೊರಗೆ ನಡೆಯುತ್ತಾನೆ, ಇವಳನ್ನು ಬಿಟ್ಟು. ಇಷ್ಟಾದರೂ ರಾಧಾ ಬದುಕುತ್ತಾಳೆ. ಮಳೆಯಲ್ಲಿ ದರ್ಗಾಕ್ಕೆ ಬಂದು ಸೀತಾಳನ್ನು ಸೇರುತ್ತಾಳೆ. ನಮ್ಮ ನಡುವೆ ಇರುವುದಕ್ಕೆ ನಮ್ಮ ಭಾಷೆಯಲ್ಲಿ ಒಂದು ಪದವೇ ಇಲ್ಲ ಅನ್ನುವ ಅರ್ಥದ ಮಾತು ಅದರಲ್ಲಿ ಬರುತ್ತೆ. ಸಲಿಂಗಿ ಅನ್ನುವ ಪದ ಪೇಪರಿನಲ್ಲಿ ಇದೆ ನಿಜ. ಅವ್ವನ ಮುಂದೆ ಕೂತು ಆ ಪದ ಹೇಳೋಕೆ ನನಗೆ ಇವತ್ತಿಗೂ ಬಾಯಿ ಬರಲ್ಲ.

ಸಾವಿಲ್ಲದ ಕೊನೆ ಎಷ್ಟು ಜನರಿಗೆ ಕಣ್ಣು ಕುಕ್ಕುತ್ತೆ ಗೊತ್ತಾ? ಕೀನ್ಯಾದ ವನೂರಿ ಕಹಿಯು 2018ರಲ್ಲಿ 'ರಫೀಕಿ' ಅಂತ ಮಾಡಿದರು. ಇಬ್ಬರು ಹುಡುಗಿಯರು, ಅವರ ಅಪ್ಪಂದಿರು ಚುನಾವಣೆಯಲ್ಲಿ ಎದುರಾಳಿಗಳು. ಅಲ್ಲಿನ ಮಂಡಳಿಯವರು ಕೊನೆ ಬದಲಿಸಿ ಅಂದರು, ಅದರಲ್ಲಿ ಆಸೆ ಕಾಣುತ್ತಿದೆ ಅಂತ. ಇವರು ಒಪ್ಪಲಿಲ್ಲ. ನಿಷೇಧ ಆಯಿತು. ಆಮೇಲೆ ಕೋರ್ಟು 7 ದಿನ ತೋರಿಸೋಕೆ ಬಿಟ್ಟಾಗ ಜನ ಥಿಯೇಟರ್ ತುಂಬಿಸಿದರು.

ಈಗ ನನಗೆ ಎಲ್ಲಕ್ಕಿಂತ ಹತ್ತಿರದ್ದು. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ 'ಅಜೀಬ್ ದಾಸ್ತಾನ್ಸ್' ಒಳಗೆ ನಾಲ್ಕು ಕಥೆಗಳಿವೆ. ಅದರಲ್ಲಿ ನೀರಜ್ ಘೇವಾನ್ ಮಾಡಿರುವ 'ಗೀಲಿ ಪುಚ್ಚಿ' ಮಾತ್ರ ನೋಡು. ಕೊಂಕಣಾ ಸೇನ್ ಶರ್ಮಾ ಕಾರ್ಖಾನೆಯಲ್ಲಿ ಮಷಿನ್ ಓಡಿಸುವ ಭಾರತಿ. ದಲಿತಳು. ಅವಳಿಗೆ ಆಫೀಸಿನ ಕಂಪ್ಯೂಟರ್ ಕೆಲಸ ಬೇಕು, ಓದಿದ್ದಾಳೆ, ಯೋಗ್ಯತೆ ಇದೆ. ಆ ಕೆಲಸ ಹೊಸದಾಗಿ ಬಂದ ಪ್ರಿಯಾ ಶರ್ಮಾಗೆ ಸಿಗುತ್ತೆ. ಪ್ರಿಯಾ ಒಳ್ಳೆಯವಳು, ಇವಳನ್ನು ಹಚ್ಚಿಕೊಳ್ಳುತ್ತಾಳೆ. ಇಬ್ಬರ ನಡುವೆ ಮನಸ್ಸು ಬೆಳೆಯುತ್ತೆ. ಆದರೆ ಭಾರತಿ ತನ್ನ ಜಾತಿ ಹೇಳಿದ ದಿನ ಎಲ್ಲ ಬದಲಾಗುತ್ತೆ. ಕೊನೆಗೆ ಪ್ರಿಯಾಳ ಮನೆಯಲ್ಲಿ ಎಲ್ಲರಿಗೂ ಪಿಂಗಾಣಿ ಕಪ್ಪಿನಲ್ಲಿ ಚಹಾ, ಇವಳಿಗೆ ಮಾತ್ರ ಸ್ಟೀಲ್ ಲೋಟ. ಆ ಲೋಟ ನೋಡಿ ನನಗೆ ಮೈ ಜುಮ್ಮೆಂದಿತು. ನಮ್ಮ ಊರುಗಳಲ್ಲಿ ಆ ಲೋಟ ಗೊತ್ತಿಲ್ಲದವರು ಯಾರಿದ್ದಾರೆ?

ನಾನು ಅದನ್ನು ಮೆಚ್ಚುವುದಕ್ಕೆ ಇನ್ನೊಂದು ಕಾರಣ ಕೆಲಸ. ಪ್ರೀತಿಯ ಸಿನಿಮಾಗಳಲ್ಲಿ ಹೆಣ್ಣುಮಕ್ಕಳು ದುಡಿಯುವುದೇ ಕಾಣಲ್ಲ. ಓಡಿಹೋಗುತ್ತಾರೆ, ಸರಿ. ಮಾರನೇ ದಿನ ಅಕ್ಕಿ ಯಾರು ತಂದರು? ಮನೆಗೆ ಅಡ್ವಾನ್ಸ್ ಎಲ್ಲಿಂದ ಬಂತು? ನಮ್ಮಿಬ್ಬರ ಬದುಕು ನಿಂತಿರುವುದೇ ಆ ಪ್ರಶ್ನೆಗಳ ಮೇಲೆ. ನನ್ನ ಮಷಿನ್ ಕಂತು ತೀರಿದ ಮೇಲೆಯೇ ನಾವು ಬೇರೆ ಮನೆ ಮಾಡಿದ್ದು. ಅದಕ್ಕೆ ಮುಂಚೆ ಎರಡು ವರ್ಷ ವಾರಕ್ಕೊಮ್ಮೆ ರಾಯಲ್ ಸರ್ಕಲ್ ಹತ್ತಿರ ಭೇಟಿಯಾಗಿ, ಒಗ್ಗರಣೆ ಮಿರ್ಚಿ ತಿಂದು, ಬಸ್ ಹತ್ತಿ ಬೇರೆ ಬೇರೆ ಮನೆಗೆ ಹೋಗುತ್ತಿದ್ದೆವು. ಹಾಗಾಗಿ ನಿನಗೆ ನನ್ನ ಒಂದೇ ಬುದ್ಧಿಮಾತು: ಓದು ಮುಗಿಸು, ನಿನ್ನ ಹೆಸರಲ್ಲಿ ಬ್ಯಾಂಕ್ ಖಾತೆ ಇರಲಿ, ಪಾಸ್‌ಬುಕ್ಕು, ಆಧಾರ್, ಮಾರ್ಕ್ಸ್ ಕಾರ್ಡು ನಿನ್ನ ಕೈಯಲ್ಲಿರಲಿ. ಆಮೇಲೆ ಮನೆಯಲ್ಲಿ ಬಾಯಿಬಿಡು.

2019ರ 'ಏಕ್ ಲಡ್ಕಿ ಕೋ ದೇಖಾ ತೋ ಐಸಾ ಲಗಾ' ಹಗುರವಾಗಿದೆ, ಬೇಗ ನೋಡಿ ಮುಗಿಸಬಹುದು. ಪಂಜಾಬಿನ ಮೋಗಾದಲ್ಲಿ ಬಟ್ಟೆ ಕಾರ್ಖಾನೆ ಇರುವ ಅಪ್ಪ, ಅವನ ಮಗಳು. ಅಪ್ಪ-ಮಗಳು ನಿಜ ಜೀವನದಲ್ಲೂ ಅಪ್ಪ-ಮಗಳೇ, ಅನಿಲ್ ಕಪೂರ್ ಮತ್ತು ಸೋನಂ ಕಪೂರ್. ಕೊನೆಗೆ ಮಗಳ ಕಥೆಯನ್ನು ಊರ ಮುಂದೆ ನಾಟಕ ಆಡುತ್ತಾರೆ. ಬಳ್ಳಾರಿ ನಾಟಕದ ಊರು. ನಮ್ಮ ರಾಘವ ಕಲಾಮಂದಿರದಲ್ಲಿ ಅಂಥದ್ದೊಂದು ನಾಟಕ ನೋಡಬೇಕು ಅಂತ ನನಗೆ ಆಸೆ.

2022ರ 'ಬಧಾಯಿ ದೋ' ನೋಡು, ಆದರೆ ಒಂದು ಎಚ್ಚರಿಕೆ. ಸುಮನ್ ಪಿಟಿ ಟೀಚರ್, ಶಾರ್ದೂಲ್ ಪೊಲೀಸ್. ಅವಳಿಗೆ ಹುಡುಗಿಯರು ಇಷ್ಟ, ಅವನಿಗೆ ಹುಡುಗರು ಇಷ್ಟ. ಮನೆಯವರ ಕಾಟ ತಪ್ಪಿಸಿಕೊಳ್ಳೋಕೆ ಇಬ್ಬರೂ ಮದುವೆ ಆಗುತ್ತಾರೆ. ಸಿನಿಮಾದಲ್ಲಿ ಅದು ಹೇಗೋ ದಡ ಸೇರುತ್ತೆ. ನಿಜದಲ್ಲಿ ಆ ದಾರಿ ಹಿಡಿದವರನ್ನು ನಾನು ನೋಡಿದ್ದೇನೆ. ವರ್ಷದೊಳಗೆ ಮಗು ಯಾವಾಗ ಅನ್ನುವ ಪ್ರಶ್ನೆ ಶುರುವಾಗುತ್ತೆ, ಇಬ್ಬರೂ ಇನ್ನೊಂದು ಬೋನಿಗೆ ಬೀಳುತ್ತಾರೆ. ಅದನ್ನು ಉಪಾಯ ಅಂತ ತಿಳಿಯಬೇಡ.

ಕನ್ನಡದಲ್ಲಿ ನನ್ನ ಬದುಕು ನನಗೆ ಕಂಡಿಲ್ಲ. ಆದರೆ ಹೆಣ್ಣಿನ ಒಳಗನ್ನು ತೋರಿಸಿದ ಸಿನಿಮಾ ನಮ್ಮಲ್ಲಿ ಬೇಕಾದಷ್ಟಿವೆ. ಮನ್ಸೋರೆ ಅವರ 'ನಾತಿಚರಾಮಿ' 2018ರದ್ದು, ಗಂಡನನ್ನು ಕಳೆದುಕೊಂಡವಳ ಮೈಯ ಆಸೆಯನ್ನು ನಾಚಿಕೆ ಇಲ್ಲದೆ ಮಾತಾಡುತ್ತೆ. ನನ್ನ ಬದುಕಿಗೆ ನಿಜವಾಗಿ ಸಹಾಯ ಮಾಡಿದ್ದು ಮಾತ್ರ ಹಳೆಯ 'ಶರಪಂಜರ'. ಪುಟ್ಟಣ್ಣ ಕಣಗಾಲ್, 1971, ತ್ರಿವೇಣಿಯವರ ಕಾದಂಬರಿ.

ನನ್ನ ವಿಷಯ ಗೊತ್ತಾದಾಗ ಮನೆಯವರು ನನ್ನನ್ನು ಒಬ್ಬ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದರು. ಅವರು ಮಾತ್ರೆ ಕೊಟ್ಟರು. ಮೂರು ತಿಂಗಳು ನಾನು ನಿದ್ದೆಗಣ್ಣಲ್ಲೇ ಹೊಲಿದೆ. ಒಂದು ದಿನ ಸೂಜಿ ಬೆರಳಿಗೆ ಹೊಕ್ಕಿತು. ಇವತ್ತು ನಿನಗೆ ಯಾರಾದರೂ ಹಾಗೆ ಮಾಡಿದರೆ ಹೇಳು, ಇದು ರೋಗ ಅಲ್ಲ ಅಂತ ಭಾರತದ ಮನೋವೈದ್ಯರ ಸಂಘವೇ 2018ರಲ್ಲಿ ಹೇಳಿದೆ. ಬದಲಿಸುತ್ತೇವೆ ಅಂತ ಚಿಕಿತ್ಸೆ ಕೊಡುವುದು ತಪ್ಪು ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. 2018ರ ಸೆಪ್ಟೆಂಬರ್ 6ರಿಂದ ಇದು ಅಪರಾಧವೂ ಅಲ್ಲ. ಮದುವೆಯ ಹಕ್ಕು ಮಾತ್ರ 2023ರಲ್ಲಿ ಸುಪ್ರೀಂ ಕೋರ್ಟು ಕೊಡಲಿಲ್ಲ. ಮನಸ್ಸು ತೀರಾ ಕುಸಿದರೆ 14416ಕ್ಕೆ ಫೋನ್ ಮಾಡು, ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುತ್ತಾರೆ.

ಅಪ್ಪ ಹೋದ ಮೇಲೆ ಒಂದು ಭಾನುವಾರ ಅವ್ವ ನಮ್ಮ ಮನೆಗೆ ಬಂದಿದ್ದಳು. ಮೊಬೈಲಿನಲ್ಲಿ 'ಶರಪಂಜರ' ಹಾಕಿದೆ. ಅವ್ವನಿಗೆ ಕಲ್ಪನಾ ಅಂದರೆ ಪ್ರಾಣ. ಬಾಣಂತನದಲ್ಲಿ ಮನಸ್ಸು ಕೆಟ್ಟ ಕಾವೇರಿ ಆಸ್ಪತ್ರೆಯಿಂದ ಗುಣವಾಗಿ ಮನೆಗೆ ಬರುತ್ತಾಳೆ. ಗಂಡ, ಆಳುಕಾಳು, ಯಾರೂ ಅವಳನ್ನು ಮೊದಲಿನ ಹಾಗೆ ನೋಡಲ್ಲ. ಎಲ್ಲರ ಕಣ್ಣಲ್ಲೂ ಅವಳು ಹುಚ್ಚಿ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಸ್ವಲ್ಪ ಹೊತ್ತು ಬಿಟ್ಟು ಕೇಳಿದಳು: "ಆ ಡಾಕ್ಟರ್ ಕೊಟ್ಟ ಗುಳಿಗಿ ನುಂಗಿದಾಗ ನಿನಗೂ ಹಿಂಗ ಅನಿಸಿತ್ತೇನು?" ನಾನು ಹೂಂ ಅಂದೆ. ಅವ್ವ ನನ್ನ ಬೆರಳು ಹಿಡಿದುಕೊಂಡು ಕೂತಳು. ಬೇರೇನೂ ಹೇಳಲಿಲ್ಲ.

ಅದಾಗಿ ಎಷ್ಟೋ ತಿಂಗಳ ಮೇಲೆ 'ಬಧಾಯಿ ದೋ' ತೋರಿಸಿದೆ. ಅವ್ವನಿಗೆ ಹಿಂದಿ ಅರ್ಧಂಬರ್ಧ. ಕೊನೆಯಲ್ಲಿ ದತ್ತು ತೆಗೆದುಕೊಂಡ ಮಗುವಿಗಾಗಿ ಪೂಜೆ ಇಡುತ್ತಾರೆ. ಸುಮನ್‌ಳ ಗೆಳತಿ ರಿಮ್‌ಝಿಮ್‌ಳನ್ನೂ ಪೂಜೆಗೆ ಕೂರಿಸುತ್ತಾರೆ. ಅವ್ವ ಅದನ್ನೇ ನೋಡುತ್ತಿದ್ದಳು. "ಅಕಿನ್ನೂ ಕರದ್ರಲ್ಲ" ಅಂದಳು. ಆಮೇಲೆ ಎದ್ದು ರೊಟ್ಟಿ ಬಡಿಯೋಕೆ ಹೋದಳು.

ನಿನ್ನ ಅವ್ವನಿಗೆ ತೋರಿಸುವುದಾದರೆ ಇದೇ ಸಾಲಿನಲ್ಲಿ ತೋರಿಸು ಅಂತ ಹೇಳೋಕೆ ಇದನ್ನೆಲ್ಲ ಬರೆದೆ. ಮೊದಲು ಅವಳಿಗೆ ಗೊತ್ತಿರುವ ಹೆಣ್ಣಿನ ನೋವು. ನಿನ್ನದು ಆಮೇಲೆ. ನೀನು ಒಬ್ಬಳೇ ನೋಡುವಾಗ ಇಯರ್‌ಫೋನ್ ಹಾಕಿಕೋ. ಮನೆಯವರೆಲ್ಲ ಬಳಸುವ ಫೋನಾದರೆ ನೋಡಿದ್ದರ ಪಟ್ಟಿಯನ್ನು ಅಳಿಸು.

ಆ ವರ್ಷ ಶ್ರಾವಣದಲ್ಲಿ ಅವ್ವ ಫೋನ್ ಮಾಡಿದಳು. ಪಂಚಮಿಗೆ ತವರಿಗೆ ಬಾ ಅಂತ ಪ್ರತಿ ವರ್ಷ ಕರೆಯುತ್ತಾಳೆ, ನಾನು ಒಬ್ಬಳೇ ಹೋಗಿ ಬರುತ್ತಿದ್ದೆ. ಈ ಸಲ "ಉಂಡಿ ಜಾಸ್ತಿ ಕಟ್ಟೀನಿ" ಅಂದಳು. ಆಮೇಲೆ ಸ್ವಲ್ಪ ತಡೆದು, "ನಿನ್ ಜೋಡಿ ಇರಾಕಿನ್ನೂ ಕರ್ಕೊಂಡು ಬಾ" ಅಂದಳು. ನಾನು ಹುಡುಕುತ್ತಿದ್ದ ಪದ ಅವ್ವನ ಬಾಯಲ್ಲಿತ್ತು. ನನ್ನ ಜೋಡಿ ಇರಾಕಿ. ಇಬ್ಬರೂ ಹೋದೆವು. ಹೊರಡುವಾಗ ಅವ್ವ ಇಬ್ಬರಿಗೂ ಉಡಿ ತುಂಬಿದಳು.