ಚಕ್ರಾಸನದಲ್ಲಿ ತಲೆ ಏಳದಿದ್ದರೆ: ನೀರ್ಚಾಲಿನ ಅಕ್ಕನಿಗೆ ಉತ್ತರ

ಅಕ್ಕಾ, ಎರಡು ವರ್ಷವಾದರೂ ಚಕ್ರಾಸನದಲ್ಲಿ (ಅಂಗಾತ ಮಲಗಿ, ಅಂಗೈ ಪಾದ ಊರಿ ಮೈಯನ್ನು ಕಮಾನಿನಂತೆ ಎತ್ತುವ ಆಸನ) ತಲೆ ನೆಲ ಬಿಟ್ಟು ಏಳುವುದಿಲ್ಲ, ಮರುದಿನ ಸೊಂಟ ಹಿಡಿದುಕೊಳ್ಳುತ್ತದೆ, ಬಿಟ್ಟುಬಿಡಲಾ ಅಂತ ಕೇಳಿದ್ದೀರಿ. ಬಿಡಬೇಡಿ. ಆದರೆ ಚಕ್ರಾಸನವನ್ನು ಒಂದೆರಡು ತಿಂಗಳು ಬದಿಗಿಡಿ.

ನೀವೂ ನಮ್ಮ ಹಾಗೆ ಅಡಕೆ ಹೆಕ್ಕುವವರು, ಸುಲಿಯುವವರು. ಬೆನ್ನು ದಿನವಿಡೀ ಮುಂದಕ್ಕೇ ಬಾಗಿರುತ್ತದೆ. ಬೆನ್ನಿನ ಮೇಲ್ಭಾಗದ 12 ಮೂಳೆಗಳಿಗೆ ಪಕ್ಕೆಲುಬು ಸೇರಿಕೊಂಡಿರುವುದರಿಂದ ಅದು ಮೊದಲೇ ಬಿಗಿ. ಸೊಂಟದ 5 ಮೂಳೆಗಳಿಗೆ ಆ ಕಟ್ಟು ಇಲ್ಲ. ಜೋರು ಮಾಡಿದರೆ ಬಾಗುವುದೆಲ್ಲ ಅಲ್ಲೇ, ನೋವೂ ಅಲ್ಲೇ.

ಮೊದಲು ಬೈರಾಸು, ಅಂದರೆ ಮೈ ಒರೆಸುವ ಬಟ್ಟೆ. ಎರಡನ್ನು ಒಟ್ಟಿಗೆ ಸುರುಳಿ ಸುತ್ತಿ ಅಡ್ಡ ಇಡಿ. ಭುಜದ ಹಲಗೆಯೆಲುಬಿನ ಕೆಳತುದಿ ಅದರ ಮೇಲೆ ಬರುವಂತೆ ಅಂಗಾತ ಮಲಗಿ. ತಲೆ ನೇತಾಡಿದರೆ ಅಡಿಗೆ ಬಟ್ಟೆ ಕೊಡಿ. 3 ನಿಮಿಷ ಸಾಕು. ಎರಡು ವಾರ ಕಳೆದ ಮೇಲೆ ಇನ್ನೊಂದು ಬೈರಾಸು ಸೇರಿಸಿ. ಉಸಿರು ಕಟ್ಟಿದರೆ ತೆಗೆಯಿರಿ. ಅದರಲ್ಲಿ ಮರ್ಯಾದೆ ಹೋಗುವುದೇನಿಲ್ಲ.

ಆಮೇಲೆ ಇಟ್ಟಿಗೆ. ಮುರಕಲ್ಲು ಬೇಡ, ತರಚುತ್ತದೆ. ಆಚಾರಿಯವರಿಗೆ ಹೇಳಿ 9 ಇಂಚು ಉದ್ದ, 4½ ಅಗಲ, 3 ದಪ್ಪದ ಹಲಸಿನ ತುಂಡು ಮಾಡಿಸಿ. ಮೂಲೆಗಳನ್ನು ಚೆನ್ನಾಗಿ ಉಜ್ಜಿಸಿ. ಒಂದೇ ತುಂಡಿಗೆ ಮೂರು ಎತ್ತರ! ಸೇತುಬಂಧದಲ್ಲಿ (ಅಂಗಾತ ಮಲಗಿ, ಮೊಣಕಾಲು ಮಡಚಿ ಸೊಂಟ ಎತ್ತುವ ಆಸನ) ಸೊಂಟದ ಕೆಳಗಿನ ಚಪ್ಪಟೆ ಎಲುಬಿನಡಿ ಅದನ್ನು ಮಲಗಿಸಿ ಇಡಿ, ಸೊಂಟದ ಗುಳಿಯಲ್ಲಿ ಅಲ್ಲ. ತೊಡೆಸಂದು ಸಡಿಲಾದಂತೆ ಎತ್ತರ ಬದಲಿಸಿ.

ನಿಜವಾದ ಕೆಲಸ ಮಾಡುವುದು ಕುರ್ಚಿ. ಬೆನ್ನಿನ ಕಡೆ ಕಾಲು ತೂರುವಷ್ಟು ಸಂದಿ ಇರುವ ಕಬ್ಬಿಣದ ಮಡಚುವ ಕುರ್ಚಿ ಬೇಕು. ಸಂದಿಯಲ್ಲಿ ಕಾಲು ಹಾಕಿ ಹಿಂದುಮುಂದಾಗಿ ಕುಳಿತು, ಕುರ್ಚಿಯ ಬೆನ್ನು ಹಿಡಿದು, ನಿಧಾನ ಹಿಂದಕ್ಕೆ ಒರಗಿ. ಸೀಟಿನ ಅಂಚಿಗೆ ಬೈರಾಸು ಹಾಕಿರಬೇಕು. ಆ ಅಂಚು ಬರಬೇಕಾದ್ದೂ ಭುಜದ ಹಲಗೆಯ ಕೆಳತುದಿಗೇ. ಏಳುವಾಗ ಎದೆ ಮೊದಲು, ತಲೆ ಕೊನೆಗೆ. ಕುರ್ಚಿಯಡಿ ರಬ್ಬರ್ ಮ್ಯಾಟ್ ಬೇಕೇ ಬೇಕು. ಆಟಿಯ ಮಳೆಗೆ ತೇವವಾದ ಸಿಮೆಂಟು ನೆಲದಲ್ಲಿ ನನ್ನದು ಜಾರಿ, ಮೊಣಕೈ ಕೆತ್ತಿಹೋಗಿತ್ತು.

ನಿಮ್ಮ ಪ್ರಶ್ನೆಗೆ ಉತ್ತರವಾಗಿ ಒಬ್ಬರು "ಕುರ್ಚಿ ಹಿಡಿದು ಮಾಡುವುದೂ ಯೋಗವಾ" ಅಂದಿದ್ದಾರೆ. ಕೋಲಾರದ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿದ ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರೇ ಪುಣೆಯಲ್ಲಿ ಕುರ್ಚಿ, ಬೆಲ್ಟು, ಇಟ್ಟಿಗೆಗಳನ್ನು ರೂಢಿಗೆ ತಂದದ್ದು, ಮಾರಾಯ್ರೆ. ಚಿಕ್ಕಂದಿನಲ್ಲಿ ಮಲೇರಿಯಾ, ಕ್ಷಯ ಎಲ್ಲ ಕಂಡ ದೇಹ ಅವರದ್ದು.

ಇಷ್ಟಾದ ಮೇಲೆ ಚಕ್ರಾಸನ. ಗೋಡೆಗೆ ಓರೆಯಾಗಿ ಅಂಥದೇ ಎರಡು ಹಲಸಿನ ತುಂಡು ಆನಿಸಿ ಅಂಗೈ ಅದರ ಮೇಲಿಡಿ. ಮೊಣಕೈ ಹೊರಕ್ಕೆ ಹೋಗದಂತೆ ಸ್ವಲ್ಪ ಮೇಲೆ ಬೆಲ್ಟು ಹಾಕಿ. ಕೈ ಎತ್ತರದಲ್ಲಿದ್ದರೆ ಏಳುವುದು ಸುಲಭ. ಮುಗಿದ ಕೂಡಲೇ ಕಾಲ್ಬೆರಳು ಮುಟ್ಟಲು ಹೋಗಬೇಡಿ, ಮೊಣಕಾಲು ಮಡಚಿ ಸುಮ್ನೆ ಮಲಗಿ.

ಬಿಪಿ ಜಾಸ್ತಿ ಇದ್ದರೆ, ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ) ಇದ್ದರೆ ತಲೆ ಕೆಳಗಾಗುವುದು ಬೇಡ. ಕಾಲಿಗೆ ಜುಮ್ಮೆನ್ನುವುದು ಇಳಿದರೆ ಎಲ್ಲ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಹಲಸಿನ ತುಂಡು ನಮ್ಮಲ್ಲಿ ಒಂದು ಜಾಸ್ತಿ ಇದೆ ಅಕ್ಕಾ. ಬದಿಯಡ್ಕ ಪೇಟೆಗೆ ಬರುವ ದಿನ ಹೇಳಿ, ತಂದುಕೊಡುತ್ತೇನೆ.