ಸಿಂಧೂ ಕಣಿವೆಯ ರೈತರು ನಗರಗಳಿಗೆಲ್ಲ ಸಾಲುವಷ್ಟು ಧಾನ್ಯ ಹೇಗೆ ಬೆಳೆಯುತ್ತಿದ್ದರು?

ನೀರು, ಗೊಬ್ಬರ ಎರಡನ್ನೂ ನದಿಯ ನೆರೆಯೇ ಕೊಡುತ್ತಿತ್ತು, ಅದಕ್ಕೆ. ಮಳೆಗಾಲದಲ್ಲಿ ಸಿಂಧೂ ಉಕ್ಕಿ, ಬಯಲಿಗೆಲ್ಲ ಹೊಸ ಮೆಕ್ಕಲು ಮಣ್ಣು ಹಾಸುತ್ತಿತ್ತು. ನೀರಿಳಿದರೂ ಮಣ್ಣಿನ ತೇವ ಆರುತ್ತಿರಲಿಲ್ಲ. ಅದರಲ್ಲೇ ಗೋಧಿ, ಬಾರ್ಲಿ ಬಿತ್ತಿ, ಮುಂದಿನ ನೆರೆಗೆ ಮೊದಲೇ ಕೊಯ್ಲು ಮುಗಿಸುತ್ತಿದ್ದರು. ನಮ್ಮ ಹಿಂಗಾರು ಬೆಳೆಯ ಹಾಗೇ ಅಲ್ವಾ? ಮನೆಗೆ ಬೇಕಾದ್ದಕ್ಕಿಂತ ಜಾಸ್ತಿ ಫಸಲು ಬಂದಿದ್ದರಿಂದಲೇ ಮೊಹೆಂಜೊದಾರೊ, ಹರಪ್ಪದಲ್ಲಿ ಮಣಿ ಕೊರೆಯುವವರು, ಮಡಕೆ ಮಾಡುವವರು ಹೊಲಕ್ಕಿಳಿಯದೆ ತಮ್ಮ ಕಸುಬು ನೋಡಿಕೊಳ್ಳಲು ಆಯಿತು.

ಅವರು ಬರೀ ನದಿಯನ್ನೇ ನಂಬಿ ಕೂತವರೂ ಅಲ್ಲ. ರಾಜಸ್ಥಾನದ ಕಾಲಿಬಂಗನ್‌ನಲ್ಲಿ, ಅಲ್ಲಿ ನಗರ ಕಟ್ಟುವುದಕ್ಕೂ ಹಿಂದೆ ಉತ್ತ ಹೊಲವೊಂದು ಸಿಕ್ಕಿದೆ. ಅಗೆದಾಗ ನೇಗಿಲ ಸಾಲುಗಳು ಹಾಗೇ ಕಂಡವು: ಒಂದು ದಿಕ್ಕಿಗೆ ಸುಮಾರು 30 ಸೆಂ.ಮೀ.ಗೊಂದು, ಅದಕ್ಕೆ ಅಡ್ಡಲಾಗಿ ಸುಮಾರು 190 ಸೆಂ.ಮೀ.ಗೊಂದು. ಒಂದೇ ಹೊಲದಲ್ಲಿ ಎರಡು ಬೆಳೆ, ನಮ್ಮ ಅಕ್ಕಡಿ ಸಾಲಿನಂತೆ.