ಹಾಸ್ಯಚಿತ್ರವೊಂದು ಮಕ್ಕಳು ನೋಡಲು ತಕ್ಕುದೇ ಎಂದು ತಿಳಿಯುವುದು ಹೇಗೆ?

ಒಂಬತ್ತು ವರ್ಷದ ಮಗನನ್ನೂ ಐದು ವರ್ಷದ ಮಗಳನ್ನೂ ಕರೆದುಕೊಂಡು ಹೋಗಬೇಕೆಂದಿರುವ ಕನ್ನಡ ಹಾಸ್ಯಚಿತ್ರಕ್ಕೆ ಸೆನ್ಸಾರ್ ಮಂಡಳಿಯಿಂದ ‘ಯುಎ 7+’ ಪ್ರಮಾಣಪತ್ರ ಸಿಕ್ಕಿದೆ, ಅದನ್ನು ನಂಬಿ ಹೋಗಬಹುದೇ ಎಂದು ಕೇಳಿದ್ದೀರಿ. ನಂಬಬಹುದು, ಆದರೆ ಆ ಪ್ರಮಾಣಪತ್ರ ಎಷ್ಟು ಹೇಳುತ್ತದೆಯೋ ಅಷ್ಟಕ್ಕೆ ಮಾತ್ರ. ಉಳಿದದ್ದನ್ನು ತಂದೆ ತಾಯಿಯರೇ ನೋಡಿಕೊಳ್ಳಬೇಕು.

ನಮ್ಮಲ್ಲಿ ಮೊದಲು ಎಲ್ಲರೂ ನೋಡಬಹುದಾದ ‘ಯು’ ಮತ್ತು ವಯಸ್ಕರಿಗೆ ಮಾತ್ರವಾದ ‘ಎ’ ಎಂಬ ಎರಡೇ ವರ್ಗಗಳಿದ್ದವು. 1983ರಲ್ಲಿ ‘ಯುಎ’ ಮತ್ತು ವೈದ್ಯರಂಥ ವಿಶೇಷ ವರ್ಗದವರಿಗಷ್ಟೇ ಮೀಸಲಾದ ‘ಎಸ್’ ಸೇರಿದವು. ಅಂದಿನಿಂದ ‘ಯುಎ’ ಎಂದರೆ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕು ಎಂಬ ಒಂದೇ ಸೂಚನೆಯಾಗಿತ್ತು. 2023ರಲ್ಲಿ ಸಿನಿಮಾಟೋಗ್ರಾಫ್ ಕಾಯ್ದೆಗೆ ತಿದ್ದುಪಡಿಯಾದ ಮೇಲೆ ಅದು 7+, 13+, 16+ ಎಂದು ಮೂರಾಗಿ ಒಡೆಯಿತು; ಅಂದರೆ ಆಯಾ ವಯಸ್ಸಿಗಿಂತ ಚಿಕ್ಕ ಮಕ್ಕಳಿಗೆ ಹಿರಿಯರ ಮಾರ್ಗದರ್ಶನ ಬೇಕು ಎಂದರ್ಥ. ಇದು ನಿಜಕ್ಕೂ ಒಳ್ಳೆಯ ಬದಲಾವಣೆ, ಏಕೆಂದರೆ ಹಿಂದೆ ಎಂಟು ವರ್ಷದ ಮಗುವಿಗೆ ಹೊಂದುವ ಚಿತ್ರವೂ ಹದಿನೈದರ ಹುಡುಗರಿಗೆ ಮಾತ್ರ ಹೊಂದುವ ಚಿತ್ರವೂ ಒಂದೇ ಅಕ್ಷರದ ಅಡಿಯಲ್ಲಿ ಬರುತ್ತಿದ್ದವು. ಆದರೆ ಈ ವಯಸ್ಸಿನ ಗುರುತು ಪೋಷಕರಿಗೆ ಕೊಟ್ಟ ಸಲಹೆಯೇ ಹೊರತು ನಿಷೇಧವಲ್ಲ. ಹದಿನೆಂಟಕ್ಕಿಂತ ಚಿಕ್ಕವರನ್ನು ಚಿತ್ರಮಂದಿರದವರು ಒಳಗೆ ಬಿಡಬಾರದೆಂಬ ನಿಯಮವಿರುವುದು ‘ಎ’ ಚಿತ್ರಕ್ಕೆ. ‘ಯುಎ 7+’ ಚಿತ್ರಕ್ಕೆ ನಿಮ್ಮ ಐದು ವರ್ಷದ ಮಗಳನ್ನು ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ, ತಡೆಯುವ ಅಧಿಕಾರವೂ ಅವರಿಗಿಲ್ಲ. ಓಟಿಟಿಯಲ್ಲಿ ಕಾಣುವ ಇಂಥದೇ ಗುರುತುಗಳ ಕಥೆ ಬೇರೆ. ಅಲ್ಲಿ 2021ರ ನಿಯಮಗಳ ಪ್ರಕಾರ ವರ್ಗವನ್ನು ನಿರ್ಧರಿಸುವುದು ಆಯಾ ಸಂಸ್ಥೆಯೇ. ಚಿತ್ರ ಶುರುವಾಗುವಾಗ ಅದರಲ್ಲಿ ಏನಿದೆ ಎಂಬ ಪುಟ್ಟ ವಿವರಣೆಯನ್ನೂ ಕೊಡಬೇಕು. ಅದನ್ನು ಓದುವ ಅಭ್ಯಾಸ ಮಾಡಿಕೊಳ್ಳಿ.

ಹಾಸ್ಯಚಿತ್ರದ ವಿಷಯದಲ್ಲಿ ಈ ವ್ಯವಸ್ಥೆಗೆ ಒಂದು ಮಿತಿಯಿದೆ. ರಕ್ತ, ಬೈಗುಳ, ಕುಡಿತ, ಅಶ್ಲೀಲ ದೃಶ್ಯ ಇವೆಲ್ಲ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿಗಳಾದ್ದರಿಂದ ಅವುಗಳನ್ನು ಗುರುತಿಸಿ ಕತ್ತರಿಸಲು ಅಥವಾ ವರ್ಗ ಬದಲಿಸಲು ಸಾಧ್ಯ. ಆದರೆ ಒಂದು ಜೋಕು ಯಾರನ್ನು ನೋಡಿ ನಗಲು ಹೇಳುತ್ತಿದೆ ಎಂಬುದು ಹಾಗೆ ಸುಲಭವಾಗಿ ಕೈಗೆ ಸಿಗುವುದಿಲ್ಲ. ಮಕ್ಕಳ ದೃಷ್ಟಿಯಿಂದ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು ಇದನ್ನೇ. ನಮ್ಮ ಮನೆಯಲ್ಲಿ ಒಮ್ಮೆ ಎಲ್ಲರೂ ಕೂತು ಟಿ.ವಿ.ಯಲ್ಲಿ ಒಂದು ಹಾಸ್ಯಚಿತ್ರ ನೋಡುತ್ತಿದ್ದೆವು. ಅದರಲ್ಲಿ ಒಬ್ಬ ದಪ್ಪ ಹುಡುಗ ತೆರೆಯ ಮೇಲೆ ಬಂದಾಗಲೆಲ್ಲ ನೆಲ ನಡುಗುವ ಸದ್ದು, ಲೋಟದಲ್ಲಿನ ನೀರು ಅಲುಗುವುದು, ಅವನು ಕೂತ ಕುರ್ಚಿ ಮುರಿಯುವುದು. ದೊಡ್ಡವರೆಲ್ಲ ನಕ್ಕರು. ತುಸು ಮೈ ತುಂಬಿಕೊಂಡಿರುವ ನನ್ನ ಅಕ್ಕನ ಮಗ ಮಾತ್ರ ತೆರೆಯನ್ನು ಬಿಟ್ಟು ನಗುತ್ತಿದ್ದವರ ಮುಖಗಳನ್ನು ಒಂದೊಂದಾಗಿ ನೋಡಿದ; ಆಮೇಲೆ ತಾನೂ ನಕ್ಕ, ಆದರೆ ಎಲ್ಲರ ನಗು ಮುಗಿಯುತ್ತ ಬಂದಮೇಲೆ. ಆ ದೃಶ್ಯದಲ್ಲಿ ಒಂದು ಕೆಟ್ಟ ಪದವಿರಲಿಲ್ಲ.

ತೊದಲುವವರು, ಕಿವಿ ಕೇಳಿಸದವರು, ಕಪ್ಪು ಬಣ್ಣದವರು, ಹೆಣ್ಣಿನ ಹಾಗೆ ನಡೆಯುವ ಗಂಡಸರು, ಮನೆಗೆಲಸದವರು: ನಮ್ಮ ಭಾರತೀಯ ಹಾಸ್ಯಚಿತ್ರಗಳು ಬಹುಕಾಲದಿಂದ ನಗುವಿಗಾಗಿ ಇವರನ್ನೇ ಎಳೆದು ತಂದಿವೆ. ಅಂಗವೈಕಲ್ಯವಿರುವವರನ್ನು ಅನಗತ್ಯವಾಗಿ ಗೇಲಿ ಮಾಡುವ ದೃಶ್ಯಗಳಿರಬಾರದು ಎಂದು ಸೆನ್ಸಾರ್ ಮಂಡಳಿಯ 1991ರ ಮಾರ್ಗಸೂಚಿಯಲ್ಲೇ ಇದೆ. ಆದರೂ ಅಂಥವು ಬರುತ್ತಲೇ ಇವೆ. 2023ರಲ್ಲಿ ಬಿಡುಗಡೆಯಾದ ಒಂದು ಹಿಂದಿ ಹಾಸ್ಯಚಿತ್ರದಲ್ಲಿ ಮರೆಗುಳಿ ತಂದೆ, ಕಿವಿ ಮಂದವಾದ ಮಗ, ತೊದಲುವ ಇನ್ನೊಬ್ಬ ಮಗ, ಇರುಳುಗುರುಡಿನ ಮಗಳು ಇರುವ ಕುಟುಂಬವನ್ನು ಇಟ್ಟುಕೊಂಡು ನಗಿಸಲು ಹೊರಟಾಗ ಪ್ರಕರಣ ಸುಪ್ರೀಂ ಕೋರ್ಟಿನವರೆಗೂ ಹೋಯಿತು. 2024ರ ಜುಲೈ 8ರ ತೀರ್ಪಿನಲ್ಲಿ ನ್ಯಾಯಾಲಯ ಚಿತ್ರವನ್ನು ನಿಷೇಧಿಸಲಿಲ್ಲ. ಆದರೆ ಅಂಗವೈಕಲ್ಯವನ್ನು ಅರ್ಥಮಾಡಿಸುವ ಹಾಸ್ಯಕ್ಕೂ ಅಂಗವಿಕಲರನ್ನು ಕೀಳಾಗಿಸುವ ಹಾಸ್ಯಕ್ಕೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಿತು. ಪೋಷಕರಿಗೆ ಇದಕ್ಕಿಂತ ಉಪಯುಕ್ತವಾದ ಅಳತೆಗೋಲು ನನಗೆ ಕಂಡಿಲ್ಲ, ಮತ್ತು ಅದನ್ನು ಅಂಗವೈಕಲ್ಯದಾಚೆಗೂ ಬಳಸಬಹುದು. ಪಾತ್ರ ತಾನೇ ಜಾಣತನದಿಂದ ನಗಿಸುತ್ತಿದೆಯೇ, ಅಥವಾ ಅದು ಇರುವ ರೀತಿಯನ್ನೇ ತೋರಿಸಿ ನಮ್ಮನ್ನು ನಗಿಸಲಾಗುತ್ತಿದೆಯೇ ಎಂದು ಕೇಳಿಕೊಂಡರೆ ಸಾಕು, ಹೆಚ್ಚಿನ ದೃಶ್ಯಗಳ ಬಗ್ಗೆ ತೀರ್ಮಾನ ಸಿಗುತ್ತದೆ.

ಡಬಲ್ ಮೀನಿಂಗ್ ಮಾತುಗಳ ಬಗ್ಗೆ ಪೋಷಕರು ಹೆಚ್ಚು ಹೆದರುತ್ತಾರೆ. ಐದು ವರ್ಷದ ಮಗುವಿಗೆ ಅವು ಅರ್ಥವಾಗುವುದಿಲ್ಲ. ಒಂಬತ್ತರ ಹುಡುಗನಿಗೆ ಅರ್ಥವಾಗದಿದ್ದರೂ ಆ ಮಾತಿಗೆ ಚಿತ್ರಮಂದಿರವಿಡೀ ಶಿಳ್ಳೆ ಹೊಡೆದದ್ದು ನೆನಪಿರುತ್ತದೆ, ಮರುದಿನ ಶಾಲೆಯಲ್ಲಿ ಅದೇ ಮಾತನ್ನು ಆಡಿ ನೋಡುತ್ತಾನೆ. ಅಂಥ ಮಾತು ಒಂದೆರಡು ಕಡೆ ಬಂದರೆ ನಾನು ಚಿತ್ರವನ್ನು ತಳ್ಳಿಹಾಕುವುದಿಲ್ಲ, ಆದರೆ ಹಾಸ್ಯವೆಲ್ಲ ಅದರ ಮೇಲೆಯೇ ನಿಂತಿದ್ದರೆ ಮಕ್ಕಳನ್ನು ಖಂಡಿತ ಕರೆದೊಯ್ಯುವುದಿಲ್ಲ. ಹೊಡೆತ ಬಡಿತದ ಹಾಸ್ಯವೂ ಹೀಗೆಯೇ. ಬಾಳೆಹಣ್ಣಿನ ಸಿಪ್ಪೆಯ ಮೇಲೆ ಜಾರಿ ಬಿದ್ದರೆ ತೊಂದರೆಯಿಲ್ಲ. ಗಂಡ ಹೆಂಡತಿಯ ಕಪಾಳಕ್ಕೆ ಬಾರಿಸಿದ್ದಕ್ಕೆ ತಮಾಷೆಯ ಸಂಗೀತ ಹಾಕಿದ್ದರೆ ಅದು ಬೇರೆಯೇ ಪಾಠ. ದೆವ್ವದ ಹಾಸ್ಯವಿದ್ದರೆ ಇನ್ನೂ ಎಚ್ಚರ ಬೇಕು, ಏಕೆಂದರೆ ಕತ್ತಲ ಹಾಲ್‌ನಲ್ಲಿ ಏಕಾಏಕಿ ಬರುವ ಸದ್ದಿಗೆ ಚಿಕ್ಕ ಮಕ್ಕಳು ಬೆಚ್ಚುತ್ತಾರೆ, ಅದರ ಹಿಂದೆ ಬರುವ ಜೋಕು ಅವರನ್ನು ತಲುಪುವುದೇ ಇಲ್ಲ.

ಮೊದಲೇ ತಿಳಿಯಲು ಟ್ರೇಲರ್ ಸ್ವಲ್ಪ ಮಟ್ಟಿಗೆ ನೆರವಾಗುತ್ತದೆ. ಚಿತ್ರದ ಹಾಸ್ಯ ಯಾವ ಬಗೆಯದು ಎಂಬ ಸುಳಿವು ಅದರಲ್ಲಿ ಸಾಮಾನ್ಯವಾಗಿ ಸಿಕ್ಕಿಬಿಡುತ್ತದೆ. ಅದಕ್ಕಿಂತ ಒಳ್ಳೆಯದು, ಮಕ್ಕಳಿರುವ ಪರಿಚಿತರು ನೋಡಿ ಬರುವವರೆಗೆ ಎರಡು ಮೂರು ದಿನ ಕಾಯುವುದು. ಆದರೆ ಅವರನ್ನು ‘ಚೆನ್ನಾಗಿದೆಯಾ?’ ಎಂದು ಕೇಳಬೇಡಿ, ‘ಪರವಾಗಿಲ್ಲ, ನೋಡಬಹುದು’ ಎಂದು ಹೇಳಿಬಿಡುತ್ತಾರೆ. ‘ನಿಮ್ಮ ಮಕ್ಕಳು ಎಲ್ಲಿ ಹೆದರಿದರು? ಯಾವ ದೃಶ್ಯಕ್ಕೆ ನಿಮಗೆ ಮುಜುಗರವಾಯಿತು? ಮನೆಗೆ ಬಂದು ಯಾರನ್ನು ಅಣಕಿಸಿದರು?’ ಎಂದು ಕೇಳಿದರೆ ನಿಜವಾದ ಉತ್ತರ ಬರುತ್ತದೆ.

ನೀವು ಹೇಳಿದ ಚಿತ್ರದ ಬಗ್ಗೆ ಅಂಥ ಉತ್ತರಗಳು ಸಮಾಧಾನಕರವಾಗಿದ್ದರೆ ಮಗನನ್ನು ಧಾರಾಳವಾಗಿ ಕರೆದುಕೊಂಡು ಹೋಗಿ. ಮಗಳಿಗೆ ಅದು ಓಟಿಟಿಗೆ ಬರಲಿ; ಆಗ ಮೊದಲು ನೀವೊಮ್ಮೆ ನೋಡಿ, ಬೇಡದ ಭಾಗ ದಾಟಿಸಿ ತೋರಿಸಬಹುದು. ಇಬ್ಬರನ್ನೂ ಕರೆದುಕೊಂಡೇ ಹೋಗಬೇಕಾದರೆ ಸಾಲಿನ ಕೊನೆಯ ಸೀಟುಗಳನ್ನು ಬುಕ್ ಮಾಡಿ, ಮಗಳು ಅಳಲು ಶುರುಮಾಡಿದರೆ ಯಾರಿಗೂ ತೊಂದರೆಯಾಗದಂತೆ ಅವಳನ್ನು ಎತ್ತಿಕೊಂಡು ಹೊರಗೆ ಬರಬಹುದು.